ಹಿತ್ತಿಲ ಟೊಮ್ಯಾಟೊ: ತಳಿಯ ಆಯ್ಕೆ ಮತ್ತು ರಕ್ಷಣೆ

ಚಿಗಟೇರಿ ಎಂದೊಡನೆ ಹೊರಗಿನವರಿಗೆ ನಾರದಮುನಿಯ ಗುಡಿ ನೆನಪಾಗುತ್ತದೆ. ನಮಗಾದರೋ ಅಲ್ಲಿನ ಹಿತ್ತಿಲುಗಳೂ ನೆನಪಾಗುತ್ತವೆ. ಬಚ್ಚಲ ನೀರು ಹರಿಯುವೆಡೆ ಎರಡು ಬಾಳೆ, ಒಂದು ಕರಿಬೇವು, ಬೇಲಿಗೆ ಒರಗಿದ ನಾಲ್ಕಾರು ಟೊಮ್ಯಾಟೊ ಗಿಡ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿದ ಹರಪನಹಳ್ಳಿ ಸೀಮೆ ಇಂದು ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆ ಬದಲಾದರೂ ಬಿರುಬಿಸಿಲು ಬದಲಾಗಿಲ್ಲ. ತಳಿಯನ್ನು ಆಯುವಾಗ ಮೊದಲು ಗಮನಿಸಬೇಕಾದುದು ಇದನ್ನೇ.

ಪೇಟೆಯ ಹಣ್ಣು ದಪ್ಪ ಸಿಪ್ಪೆಯದು. ಲಾರಿಯ ಪ್ರಯಾಣವನ್ನು ತಾಳಲೆಂದೇ ಬೆಳೆಸಿದ್ದು. ಹಿತ್ತಿಲಿನಿಂದ ಒಲೆಗೆ ಹತ್ತು ಹೆಜ್ಜೆ ಮಾತ್ರವಿರುವಾಗ ಅಂಥ ಗಟ್ಟಿತನ ನಮಗೇಕೆ? ತೆಳುಸಿಪ್ಪೆಯ, ಗೆರೆಗೆರೆಯಾದ, ಹುಳಿ ಮುಂದಾದ ಜವಾರಿ ಹಣ್ಣು ಸಾರಿಗೆ ಹೇಳಿ ಮಾಡಿಸಿದಂತಿರುತ್ತದೆ.

ಕೆಲವು ವರ್ಷಗಳ ಹಿಂದೆ ನಾವು ಒಂದು ತಪ್ಪು ಮಾಡಿದೆವು. ಕೊಂಡು ತಂದ ಹೈಬ್ರಿಡ್ ಬೀಜದ ಗಿಡಗಳು ಸೊಗಸಾಗಿ ಕಾಯಿಬಿಟ್ಟುವೆಂದು ಹಿಗ್ಗಿ, ಅವುಗಳ ಬೀಜವನ್ನೇ ಎತ್ತಿಟ್ಟೆವು. ಮರುವರ್ಷ ಒಂದು ಗಿಡದಂತೆ ಇನ್ನೊಂದಿಲ್ಲ. ಎರಡು ತಳಿಗಳ ಸಂಕರದ ಗುಣ ಮೊದಲ ತಲೆಮಾರಿನಲ್ಲಷ್ಟೇ ಒಂದೇ ಸಮನಾಗಿರುತ್ತದೆ. ಮುಂದೆ ಅದು ಒಡೆದುಹೋಗುತ್ತದೆ. ಅಷ್ಟರಲ್ಲಿ ಅಲಕ್ಷಿಸಿದ್ದ ಜವಾರಿ ಬೀಜ ಹಳತಾಗಿ ಮೊಳೆಯಲೇ ಇಲ್ಲ. ನೆರೆಮನೆಯ ಅಜ್ಜಿ ಬೂದಿ ಬೆರೆಸಿ ಸೀಸೆಯಲ್ಲಿಟ್ಟಿದ್ದುದರಲ್ಲಿ ಒಂದು ಚಿಟಿಕೆ ಕೊಡದಿದ್ದರೆ ಆ ತಳಿ ನಮ್ಮ ಮನೆಯಿಂದ ಅಳಿದೇಹೋಗುತ್ತಿತ್ತು. “ಅಯ್ಯನೋರೆ, ಬೀಜ ಅಂದ್ರೆ ಕೊಳ್ಳೋದಲ್ರೀ, ಇಟ್ಕಳ್ಳೋದು” ಎಂದರು ಆ ತಾಯಿ. ಓದಿದ ನಮಗೆ ಉತ್ತರ ತೋಚಲಿಲ್ಲ.

ಜವಾರಿ ದೊರೆಯದವರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್ ತಳಿಯನ್ನು ಬೆಳೆಯಬಹುದು. ನೀರಿನ ಕೊರತೆಯನ್ನು ಅದು ತಕ್ಕಮಟ್ಟಿಗೆ ತಾಳುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಂಕ್ರಾಂತಿ, ನಂದಿ, ವೈಭವ ತಳಿಗಳು ಎಲೆಮುದುಡು ನಂಜುರೋಗವನ್ನು ಎದುರಿಸಬಲ್ಲವು. ಇವುಗಳ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ಅರ್ಕಾ ರಕ್ಷಕ್ ಮೂರು ರೋಗಗಳನ್ನು ತಡೆಯುತ್ತದೆ, ನಿಜ; ಆದರೆ ಅದು ಹೈಬ್ರಿಡ್, ಪ್ರತಿಸಲವೂ ಬೀಜ ಕೊಳ್ಳಲೇಬೇಕು.

ಎಲೆಮುದುಡು ರೋಗವನ್ನು ಹರಡುವುದು ಬಿಳಿನೊಣ. ಬೇಸಿಗೆಯಲ್ಲಿ ಇದರ ಕಾಟ ವಿಪರೀತ. ಆದುದರಿಂದ ಮಳೆಗಾಲ ಇಳಿದ ಮೇಲೆ ಸಸಿ ಮಾಡುವುದು ಲೇಸು. ಮಡಿಯನ್ನು ನಾಟಿಯವರೆಗೆ, ಅಂದರೆ ಸುಮಾರು 25 ದಿನ, ಒತ್ತಾದ ನೈಲಾನ್ ಪರದೆಯಿಂದ ಮುಚ್ಚಿಡಬೇಕು. ಮುದುಡಿದ ಗಿಡ ಕಂಡರೆ ಮರುಗದೆ ಕಿತ್ತುಹಾಕಬೇಕು. ಬದನೆ, ಮೆಣಸಿನಕಾಯಿ ಬೆಳೆದ ಮಡಿಯಲ್ಲಿ ಇದನ್ನು ನೆಡಬಾರದು. ಸೊರಗುರೋಗ ಮಣ್ಣಿನಲ್ಲೇ ಉಳಿದಿರುತ್ತದೆ. ಗಿಡಗಳ ಬದಿಗೆ ಎತ್ತರದ ಚೆಂಡುಹೂವನ್ನು ನೆಟ್ಟರೆ ಕಾಯಿಕೊರಕದ ಚಿಟ್ಟೆ ಅದರತ್ತ ಸೆಳೆಯಲ್ಪಡುತ್ತದೆ. ಪೂಜೆಗೆ ಹೂವೂ ಆಯಿತು.

ಇನ್ನು ಬೀಜದ ಮಾತು. ರೋಗವಿಲ್ಲದ ಗಿಡದ ಚೆನ್ನಾಗಿ ಕಳಿತ ಹಣ್ಣನ್ನು ಹಿಚುಕಿ, ತಿರುಳಿನೊಡನೆ ಒಂದೆರಡು ದಿನ ಹುದುಗಲು ಬಿಡಬೇಕು. ಬೀಜದ ಮೇಲಿನ ಲೋಳೆ ಕರಗುತ್ತದೆ. ತೊಳೆದಾಗ ಜೊಳ್ಳು ತೇಲಿ, ಗಟ್ಟಿಬೀಜ ತಳ ಸೇರುತ್ತದೆ. ಅದನ್ನು ನೆರಳಿನಲ್ಲಿ, ತಟ್ಟೆಯ ಮೇಲೆ ಒಣಗಿಸಿರಿ. ಕಾಗದಕ್ಕೆ ಅಂಟಿದ ಬೀಜ ಬಿಡಿಸಲು ಬಾರದು. ಟೊಮ್ಯಾಟೊ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಕಟ್ಟುವುದರಿಂದ ಎರಡು ತಳಿಗಳನ್ನು ತುಸು ಅಂತರದಲ್ಲಿ ಬೆಳೆದರೆ ಸಾಕು. ಚೆನ್ನಾಗಿ ಕಾಪಾಡಿದ ಬೀಜ ಮೂರು ನಾಲ್ಕು ವರ್ಷ ಮೊಳೆಯುತ್ತದೆ.

ಬೀಜ ಉಳಿಸಿ ಹಂಚಿಕೊಳ್ಳುವ ರೈತರ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಮಾನ್ಯಮಾಡಿದೆ. ಸೀಸೆಯ ಮೇಲೆ ತಳಿಯ ಹೆಸರನ್ನೂ ವರ್ಷವನ್ನೂ ಬರೆದಿಡಿರಿ. ನೆರೆಮನೆಗೆ ಒಂದು ಚಿಟಿಕೆ ಕೊಟ್ಟಿರಿ. ನಮ್ಮಲ್ಲಿ ಕೆಟ್ಟರೂ ಅಲ್ಲಿ ಉಳಿದಿರುತ್ತದೆ.