ಕೆಳದವಡೆಗೆ ಎರಡು ಗೂಟಗಳ ಆಸರೆ

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂದ ನಮ್ಮ ಹಿರಿಯರು ಒಂದು ಸಂಗತಿಯನ್ನು ಹೇಳದೆ ಬಿಟ್ಟರು. ಹಲ್ಲುದುರಿದವನು ಕಳೆದುಕೊಳ್ಳುವುದು ಕಡಲೆಯನ್ನಷ್ಟೇ ಅಲ್ಲ. ಎಷ್ಟೋ ವೇಳೆ ಮಾತನ್ನೂ ಕಳೆದುಕೊಳ್ಳುತ್ತಾನೆ.

ನಮ್ಮ ತಂದೆಯವರು ಭಾರತವಾಚನದಲ್ಲಿ ಊರಿಗೇ ಹೆಸರಾದವರು. ಎಪ್ಪತ್ತು ದಾಟುವ ವೇಳೆಗೆ ಹಲ್ಲುಗಳೆಲ್ಲ ಹೋದವು. ಎರಡು ದವಡೆಗೂ ಹಲ್ಲು ಕಟ್ಟಿಸಿದೆವು. ಮೇಲಿನ ಸೆಟ್ಟು ಹೇಳಿದಂತೆ ಕೇಳಿತು. ಕೆಳಗಿನದು ಒಂದು ದಿನವೂ ನೆಟ್ಟಗೆ ನಿಲ್ಲಲಿಲ್ಲ. ಒಂದು ಶ್ರಾವಣ ಶನಿವಾರ ವಾಚನದ ನಡುವೆ, ತುಂಬಿದ ಸಭೆಯ ಎದುರಿಗೇ ಅದು ಮೇಲೆದ್ದು ಜಾರಿತು. ಮಕ್ಕಳು ನಕ್ಕರು. ತಂದೆಯವರು ಗ್ರಂಥವನ್ನು ಮುಚ್ಚಿದರು. ಅಂದಿನಿಂದ ಮದುವೆಯ ಪಂಕ್ತಿಗೂ ಹೋಗಲೊಲ್ಲರು.

ಇದರಲ್ಲಿ ಹಲ್ಲು ಕಟ್ಟಿದ ವೈದ್ಯರ ತಪ್ಪೇನೂ ಇರಲಿಲ್ಲ. ಮೇಲಿನ ಸೆಟ್ಟು ಇಡೀ ಅಂಗಳನ್ನು ಆವರಿಸಿ, ಜೊಲ್ಲಿನ ತೆಳುಪದರದ ನೆರವಿನಿಂದ ಅಂಟಿ ಕೂರುತ್ತದೆ. ಕೆಳಗಿನದಾದರೋ ಕುದುರೆಯ ಲಾಳದಂತೆ ಕಿರಿದು. ಒಳಗೆ ಚಂಚಲವಾದ ನಾಲಗೆ, ಹೊರಗೆ ಕೆನ್ನೆ ತುಟಿಗಳ ಎಳೆತ. ಸಾಲದುದಕ್ಕೆ ಹಲ್ಲು ಹೋದ ದವಡೆಯ ಮೂಳೆ ವರುಷ ವರುಷಕ್ಕೂ ಸವೆಯುತ್ತದೆ. 25 ವರ್ಷ ನಡೆದು 1972ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ ಕೆಳದವಡೆಯ ಸವೆತ ಮೇಲಿನದರ ಸುಮಾರು ನಾಲ್ಕು ಪಟ್ಟು.

ದೊಡ್ಡವರಿಗೂ ಈ ಪಾಡು ತಪ್ಪಿದ್ದಲ್ಲ. 1789ರಲ್ಲಿ ಅಮೆರಿಕದ ಮೊದಲ ಅಧ್ಯಕ್ಷ ಪದವಿಯನ್ನೇರಿದ ಜಾರ್ಜ್ ವಾಷಿಂಗ್ಟನ್ನನ ಬಾಯಲ್ಲಿ ಉಳಿದಿದ್ದುದು ಒಂದೇ ಹಲ್ಲು, ಅದೂ ಕೆಳಗೆ. ದಂತವೈದ್ಯ ಜಾನ್ ಗ್ರೀನ್‌ವುಡ್ ನೀರಾನೆಯ ದಂತದಿಂದ ಕೆಳಸೆಟ್ಟನ್ನು ಕೊರೆದು, ಆ ಒಂಟಿ ಹಲ್ಲು ತೂರುವಂತೆ ಅದರಲ್ಲೊಂದು ರಂಧ್ರವಿಟ್ಟ. ಒಂದೇ ಹಲ್ಲಿನ ಆಸರೆಗೆ ಅಷ್ಟು ಬೆಲೆ! ಆದರೆ ಅದೊಂದೂ ಇಲ್ಲದವರ ಗತಿ?

ಉತ್ತರ ದೊರೆತದ್ದು ಸ್ವೀಡನ್ನಿನಲ್ಲಿ, ಅದೂ ಆಕಸ್ಮಿಕವಾಗಿ. 1952ರಲ್ಲಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೂಳೆಯೊಳಗಿನ ರಕ್ತಸಂಚಾರವನ್ನು ಕಾಣಲು ಮೊಲದ ಕಾಲಿನ ಮೂಳೆಯಲ್ಲಿ ಟೈಟೇನಿಯಂ ಲೋಹದ ಉಪಕರಣವೊಂದನ್ನು ಕೂರಿಸಿದ. ತೆಗೆಯಹೋದರೆ ಅದು ಬರಲೊಲ್ಲದು. ಮೂಳೆ ಅದನ್ನು ತನ್ನದೆಂದೇ ಅಪ್ಪಿಕೊಂಡಿತ್ತು. 1965ರಲ್ಲಿ ಆತ ಇದೇ ಲೋಹದ ತಿರುಪುಗಳನ್ನು ಮನುಷ್ಯನ ದವಡೆಯಲ್ಲಿ ನೆಟ್ಟ. ಇವೇ ಇಂದಿನ ಇಂಪ್ಲಾಂಟುಗಳು.

ಕೆಳಸೆಟ್ಟಿಗೆ ಇಂಥವು ಎರಡಿದ್ದರೆ ಸಾಕು. ಕೋರೆಹಲ್ಲುಗಳಿದ್ದ ಎಡೆಯಲ್ಲಿ ಮೂಳೆ ಹೆಚ್ಚು ಉಳಿದಿರುವುದರಿಂದ ಅಲ್ಲಿಯೇ ನೆಡುತ್ತಾರೆ. ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಮೂಳೆ ಬೆಸೆದ ಮೇಲೆ, ಅಂಗಿಯ ಒತ್ತುಗುಂಡಿಯಂತೆ ಸೆಟ್ಟು ಅವುಗಳ ಮೇಲೆ ಕಚ್ಚಿ ನಿಲ್ಲುತ್ತದೆ. ತೊಳೆಯಲು ತೆಗೆಯಲೂ ಬರುತ್ತದೆ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಕಲೆತ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಮೊದಲು ಯೋಚಿಸಬೇಕಾದ ಚಿಕಿತ್ಸೆ ಇದೇ ಎಂದು ಸಾರಿದರು.

ಆದರೆ ವೆಚ್ಚ ಸಾಧಾರಣ ಸೆಟ್ಟಿಗಿಂತ ಬಹಳ ಹೆಚ್ಚು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯೂ ಧೂಮಪಾನವೂ ಇದಕ್ಕೆ ವೈರಿಗಳು. ಗೂಟಗಳ ಸುತ್ತ ದಿನವೂ ಶುಚಿಮಾಡದಿದ್ದರೆ ವಸಡು ಕೆಟ್ಟು ಮೂಳೆ ಕರಗೀತು. ಸೆಟ್ಟಿನೊಳಗಿನ ಹಿಡಿತದ ಬಿಲ್ಲೆಗಳು ಸವೆದಂತೆಲ್ಲ ಬದಲಿಸಬೇಕು.

“ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ, ಈಗೇಕೆ ಈ ಖರ್ಚು?” ಎಂದು ತಂದೆಯವರು ಒಂದು ವರ್ಷ ಹಟ ಹಿಡಿದರು. ನಾವೂ ಬಿಡಲಿಲ್ಲ. ಹೊಸ ಸೆಟ್ಟು ಕೂರಿಸಿಕೊಂಡು ಬಂದ ಸಂಜೆ ತಾಯಿಯವರು ಗರಿಗರಿಯಾದ ಕೋಡುಬಳೆ ಕರಿದಿಟ್ಟಿದ್ದರು. ತಂದೆಯವರು ತಟ್ಟೆಯನ್ನು ಮೆಲ್ಲನೆ ಬದಿಗೆ ಸರಿಸಿದರು.

“ಕೋಡುಬಳೆ ಎಲ್ಲಿ ಹೋಗುತ್ತದೆ? ಮೊದಲು ಆ ಭಾರತ ತಾರಪ್ಪ” ಎಂದರು.