ಮೂರು ವರ್ಷದೊಳಗಿನ ಮಗು: ನಿಮ್ಮ ಮಗಳು ಕಲಿಯಬಹುದಾದ ವಿದ್ಯೆ

ಅಡಿಕೆ ಸಸಿಯ ಮೊದಲ ವರ್ಷದ ಆರೈಕೆ ಎಷ್ಟು ಮುಖ್ಯವೆಂಬುದನ್ನು ಪುತ್ತೂರು ತಾಲ್ಲೂಕಿನ ನರಿಮೊಗರಿನಂತಹ ಊರುಗಳ ರೈತ ಬಾಂಧವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬುಡ ಗಟ್ಟಿಯಾದ, ಎಲೆ ಹೆಚ್ಚಿರುವ ಸಸಿಯನ್ನೇ ನೀವು ಆರಿಸುತ್ತೀರಿ. ಕುಂಠಿತವಾದುದನ್ನು ಬಿಟ್ಟು ಬೇರೊಂದನ್ನು ನೆಡುತ್ತೀರಿ. ಮಗುವಿನ ವಿಷಯದಲ್ಲಿ ಆ ಮಾತಿಲ್ಲ. ಹಿಂದುಳಿದ ಮಗುವನ್ನು ಬೇಗ ಗುರುತಿಸಿ ಕೈಹಿಡಿದು ಮುಂದೆ ತರಬೇಕು. ಹೀಗೆ ಗುರುತಿಸುವುದೇ ಒಂದು ವಿದ್ಯೆ.

ಪಿ.ಯು.ಸಿ. ಮುಗಿಸಿದ ಮಗಳು ಶಿಶು ಬೆಳವಣಿಗೆಯ ವಿಷಯವನ್ನು ಓದುವೆನೆಂದರೆ, "ಮಕ್ಕಳನ್ನು ಆಡಿಸಲು ಓದು ಬೇಕೇ?" ಎಂದು ಕೇಳುವ ಹಿರಿಯರಿದ್ದಾರೆ. ಖಂಡಿತವಾಗಿ ಬೇಕು. ಅದೇಕೆಂದು ನೋಡೋಣ.

ಏನನ್ನು ಕಲಿಯುತ್ತಾರೆ?

ಮೊದಲನೆಯದಾಗಿ, ಬೆಳವಣಿಗೆಯ ಕ್ರಮ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ 5 ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಕೆಲವು ಮಿತಿಗಳನ್ನು ಪ್ರಕಟಿಸಿತು. ಅದರಂತೆ ಆಧಾರವಿಲ್ಲದೆ ಕುಳಿತುಕೊಳ್ಳುವುದು ಸುಮಾರು 4ರಿಂದ 9 ತಿಂಗಳೊಳಗೆ, ತಾನಾಗಿ ನಡೆಯುವುದು ಸುಮಾರು 8ರಿಂದ 18 ತಿಂಗಳೊಳಗೆ. ಪಕ್ಕದ ಮನೆಯ ಮಗು ಹತ್ತು ತಿಂಗಳಿಗೇ ನಡೆಯಿತೆಂದು ನಿಮ್ಮ ಮಗುವಿನ ಬಗ್ಗೆ ಚಿಂತಿಸಬೇಕಾಗಿಲ್ಲ. ಮಿತಿ ದಾಟಿದಾಗ ಮಾತ್ರ ಸುಮ್ಮನಿರಬಾರದು. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ವಯಸ್ಸನ್ನು, ಎರಡು ವರ್ಷವಾಗುವವರೆಗೆ, ಹೆರಿಗೆಯಾಗಬೇಕಿದ್ದ ದಿನದಿಂದ ಎಣಿಸತಕ್ಕದ್ದು.

ಎರಡನೆಯದಾಗಿ, ಕಂಡದ್ದನ್ನು ಅಳೆದು ಬರೆದಿಡುವುದು. ನೆರೆಯ ಕೇರಳದ ತಿರುವನಂತಪುರದ ಶಿಶು ಅಭಿವೃದ್ಧಿ ಕೇಂದ್ರವು ಎರಡು ವರ್ಷದೊಳಗಿನ ಮಕ್ಕಳಿಗಾಗಿ ಕೇವಲ 17 ಅಂಶಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದೆ. ಮಗುವಿನ ವಯಸ್ಸಿನ ಮೇಲೆ ಪೆನ್ಸಿಲನ್ನು ನೆಟ್ಟಗೆ ಇಟ್ಟರೆ, ಅದರ ಎಡಭಾಗದಲ್ಲಿ ಮುಗಿದಿರುವ ಕೆಲಸಗಳನ್ನೆಲ್ಲ ಮಗು ಮಾಡುತ್ತಿರಬೇಕು. ಒಂದನ್ನು ಮಾಡದಿದ್ದರೂ ವೈದ್ಯರಿಗೆ ತೋರಿಸಬೇಕು. ರೋಗ ಯಾವುದೆಂದು ಹೇಳುವುದು ವೈದ್ಯರ ಕೆಲಸ. ತೋರಿಸಬೇಕೆಂದು ಹೇಳುವುದು ಕಾರ್ಯಕರ್ತೆಯ ಕೆಲಸ.

ತೋಟದ ಮನೆಯೇ ಪಾಠಶಾಲೆ

ಅಂಗಳದಲ್ಲಿ ಅಡಿಕೆ ಒಣಗುತ್ತಿದೆ. ಹತ್ತು ತಿಂಗಳ ಮಗು ಅಂಬೆಗಾಲಿಟ್ಟು ಬಂದು ಒಂದು ಚೂರನ್ನು ಹೆಬ್ಬೆರಳು, ತೋರುಬೆರಳುಗಳಿಂದ ಹೆಕ್ಕುತ್ತದೆ. ತರಬೇತಿ ಪಡೆದ ಕಣ್ಣಿಗೆ ಇಲ್ಲಿ ಎರಡು ಸಂಗತಿಗಳು ಒಟ್ಟಿಗೇ ಕಾಣುತ್ತವೆ: ಬೆರಳುಗಳ ಹಿಡಿತ ಸರಿಯಾಗಿ ಬಂದಿದೆ, ಆ ಚೂರು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಮಗು ನಡೆಯಲು ಕಲಿತೊಡನೆ ಮೈಲುತುತ್ತಿನ ಡಬ್ಬಿ, ನೀರು ತುಂಬಿದ ಬಕೆಟ್ಟು, ಕಟ್ಟೆಯಿಲ್ಲದ ಬಾವಿ, ಗೊಬ್ಬರದ ಗುಂಡಿ ಎಲ್ಲವೂ ಅದರ ಕೈಗೆ ನಿಲುಕುತ್ತವೆ. ಯಾವ ತಿಂಗಳಿಗೆ ಏನು ಬರುತ್ತದೆಂದು ತಿಳಿದವರು ಡಬ್ಬಿಯನ್ನು ಮೊದಲೇ ಮೇಲಕ್ಕೆ ಇಡುತ್ತಾರೆ.

ಮಾತಿನ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ವಿಶೇಷವಿದೆ. ಮನೆಯಲ್ಲಿ ತುಳು, ಹವ್ಯಕ, ಬ್ಯಾರಿ ಅಥವಾ ಮಲಯಾಳ, ಅಂಗನವಾಡಿಯಲ್ಲಿ ಕನ್ನಡ. ಆದುದರಿಂದ ಮಗುವಿಗೆ ಎಷ್ಟು ಶಬ್ದ ಬರುತ್ತದೆಂದು ನೋಡುವಾಗ ಎಲ್ಲ ಭಾಷೆಗಳ ಶಬ್ದಗಳನ್ನೂ ಕೂಡಿಸಿ ಎಣಿಸಬೇಕು. ಕನ್ನಡ ಬಾರದ ಮಗುವನ್ನು ಮಾತು ಬಾರದ ಮಗುವೆಂದು ಬರೆಯುವುದು ದೊಡ್ಡ ತಪ್ಪು. ಇದನ್ನು ಊರಿನವಳೇ ಆದ ಕಾರ್ಯಕರ್ತೆ ಸುಲಭವಾಗಿ ಅರಿಯುತ್ತಾಳೆ.

ತಡವಾದರೆ ನಷ್ಟ ಯಾರಿಗೆ?

ಕಿವಿ ಕೇಳದ ಮಗುವೂ ನಗುತ್ತದೆ, ಆಡುತ್ತದೆ. ಹಾಗಾಗಿ ದೋಷ ಬೇಗ ತಿಳಿಯುವುದಿಲ್ಲ. "ನಮ್ಮ ಮನೆತನದಲ್ಲಿ ಮಾತು ತಡ" ಎಂದು ಕಾಯುವಷ್ಟರಲ್ಲಿ ಭಾಷೆ ಕಲಿಯುವ ಉತ್ತಮ ಕಾಲ ಕಳೆದುಹೋಗಿರುತ್ತದೆ. ಕೆಳಗಿನವುಗಳಲ್ಲಿ ಯಾವುದು ಕಂಡರೂ ತಡಮಾಡಬೇಡಿ:

1. 9 ತಿಂಗಳಾದರೂ ಕರೆದತ್ತ ತಿರುಗದಿರುವುದು, "ಬಾಬಾ", "ಮಾಮಾ" ಎಂಬಂಥ ತೊದಲು ಬಾರದಿರುವುದು.
2. 18 ತಿಂಗಳಾದರೂ ನಡೆಯದಿರುವುದು.
3. 2 ವರ್ಷವಾದರೂ ಎರಡು ಶಬ್ದ ಕೂಡಿಸಿ ಆಡದಿರುವುದು.
4. ಒಮ್ಮೆ ಕಲಿತುದನ್ನು ಕಳೆದುಕೊಳ್ಳುವುದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂತಹ ಮಕ್ಕಳ ತಪಾಸಣೆಗೆ ಏರ್ಪಾಡಿದೆ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಮತ್ತು ಮಾತಿನ ಪರೀಕ್ಷೆ ಮಾಡುತ್ತಾರೆ. ಆದರೆ ಮಗುವನ್ನು ಅಲ್ಲಿಯವರೆಗೆ ಕಳುಹಿಸಲು ಊರಿನಲ್ಲಿ ಗುರುತಿಸುವವರು ಇರಬೇಕಷ್ಟೆ.

ಎಲ್ಲಿ ಓದಬಹುದು?

ಧಾರವಾಡದಲ್ಲಿ 1974ರಲ್ಲಿ ಆರಂಭವಾದ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಈಗ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಾಗಿದೆ. ಪಿ.ಯು.ಸಿ. ವಿಜ್ಞಾನ ಓದಿದವರಿಗೆ ಇಲ್ಲಿ 4 ವರ್ಷದ ಪದವಿಯಿದೆ. ಮಾನವ ಅಭಿವೃದ್ಧಿ ಅದರ ಒಂದು ವಿಭಾಗ. ಗಂಡುಮಕ್ಕಳೂ ಓದಬಹುದು. ಮನೆ ಬಿಟ್ಟು ಹೋಗಲಾರದವರಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಶಿಶು ಪಾಲನೆ ಮತ್ತು ಶಿಕ್ಷಣದ ಡಿಪ್ಲೊಮಾ ಇದೆ. ಸೇರುವ ಮೊದಲು ಪಾಠದ ಭಾಷೆಯನ್ನು ವಿಚಾರಿಸಿಕೊಳ್ಳಿ.

ಅಂಗನವಾಡಿಗಳಿಗೆ ಮೂಲವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಕಾರ್ಯಕರ್ತೆಯಾಗಲು ಈಗ ಪಿ.ಯು.ಸಿ. ಬೇಕು. ಮೂರು ವರ್ಷದೊಳಗಿನ ಮಕ್ಕಳಿಗಾಗಿ 2024ರಲ್ಲಿ ಬಂದ 'ನವಚೇತನ' ಎಂಬ ಮಾರ್ಗದರ್ಶಿಯಲ್ಲಿ 36 ತಿಂಗಳಿಗೆ ಹಂಚಿದ ಚಟುವಟಿಕೆಗಳಿವೆ. ಮನೆ ಭೇಟಿಯಲ್ಲಿ ಇವನ್ನು ತಾಯಂದಿರಿಗೆ ತೋರಿಸಿಕೊಡಬೇಕು. ಗೌರವಧನ ಹೆಚ್ಚಲ್ಲವೆಂಬುದು ನಿಜ. ಪದವಿಯಿದ್ದರೆ ಮೇಲ್ವಿಚಾರಕಿಯ ಹುದ್ದೆಗೆ ಪ್ರಯತ್ನಿಸಬಹುದು.

ಸೇರುವ ಮೊದಲು ನಿಮ್ಮ ಮಗಳಿಗೆ ಒಂದು ನೋಟ್‌ಪುಸ್ತಕ ಕೊಡಿ. ನೆರೆಮನೆಯ ಕೂಸನ್ನು ವಾರಕ್ಕೊಮ್ಮೆ ಅರ್ಧ ಗಂಟೆ ನೋಡಿ, ಅದು ಮಾಡಿದ್ದನ್ನು ಮಾತ್ರ ಬರೆಯಲಿ. "ಜಾಣ", "ಹಠಮಾರಿ" ಎಂದು ಬರೆಯಬಾರದು. ಮೂರು ತಿಂಗಳಾದರೂ ಬೇಸರವಾಗದಿದ್ದರೆ ಈ ಓದು ಅವಳಿಗೆ ಒಗ್ಗುತ್ತದೆ. ಧೈರ್ಯವಾಗಿ ಕಳುಹಿಸಿರಿ. ಅವಳು ಕಲಿತ ವಿದ್ಯೆ ಊರಿನ ಎಲ್ಲ ಮನೆಗಳ ಮಕ್ಕಳಿಗೂ ಒದಗುತ್ತದೆ.