ವಿಶ್ವಾಸ ಗಟ್ಟಿಯಾಗಲು ದಿನನಿತ್ಯದ ಏಳು ಅಭ್ಯಾಸಗಳು: ಬಸ್ರೂರಿನ ಪಾಲಕ ಸಂತರಿಂದ ನಮಗೊಂದು ಪಾಠ



ವರ್ಷಕ್ಕೊಮ್ಮೆ ಚರ್ಚಿನ ಹಬ್ಬ ಬಂದಾಗ ನಮ್ಮ ಊರುಗಳಲ್ಲಿ ಸಂಭ್ರಮಕ್ಕೆ ಕೊರತೆಯಿಲ್ಲ. ದೀಪಾಲಂಕಾರ, ಬ್ಯಾಂಡ್, ಮೆರವಣಿಗೆ, ಪರವೂರಿನಿಂದ ಬಂದ ನೆಂಟರಿಷ್ಟರು ಎಲ್ಲವೂ ಇರುತ್ತದೆ. ಇದು ಬೇಕು ಕೂಡ. ಆದರೆ ಹಬ್ಬ ಮುಗಿದು ಚಪ್ಪರ ಬಿಚ್ಚಿದ ಮರುದಿನ ನಮ್ಮ ಮನೆಗಳಲ್ಲಿ ವಿಶ್ವಾಸ ಎಷ್ಟು ಉಳಿದಿರುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕು. ಮೂಡ್ಲಕಟ್ಟೆಯ ನಿಲ್ದಾಣದಲ್ಲಿ ರೈಲು ಹತ್ತಿ ಮುಂಬಯಿಗೆ, ಅಲ್ಲಿಂದ ಗಲ್ಫ್ ರಾಷ್ಟ್ರಗಳಿಗೆ ಹೋಗುವ ನಮ್ಮ ಮಕ್ಕಳ ಚೀಲದಲ್ಲಿ ಉಪ್ಪಿನಕಾಯಿ, ಕುಚ್ಚಲಕ್ಕಿ ಮರೆಯದೆ ಇಡುತ್ತೇವೆ. ಪರವೂರಿನ ಕೋಣೆಯಲ್ಲಿ ಯಾರೂ ಹೇಳದಿದ್ದರೂ ಮೊಣಕಾಲೂರಿ ಪ್ರಾರ್ಥಿಸುವ ಅಭ್ಯಾಸವನ್ನು ಅವರಿಗೆ ಕೊಟ್ಟು ಕಳುಹಿಸುತ್ತಿದ್ದೇವೆಯೇ?

ವಿಶ್ವಾಸವು ದೇವರು ಕೊಡುವ ವರ. ಅದನ್ನು ನಾವು ಸ್ವಂತ ಬಲದಿಂದ ಸಂಪಾದಿಸಲಾರೆವು. ಆದರೆ ಮಳೆ ಎಷ್ಟೇ ಸುರಿದರೂ ಬದು ಕಟ್ಟದ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ. ದಿನನಿತ್ಯದ ಸಣ್ಣ ಅಭ್ಯಾಸಗಳೇ ಆ ಬದು. ಮಳೆ ದೇವರದು, ಬದು ಕಟ್ಟುವ ಕೆಲಸ ನಮ್ಮದು.

ನಮ್ಮ ನೆಲದ ಸಾಕ್ಷ್ಯ

ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆಯುತ್ತಿದ್ದ ಬಸ್ರೂರು ಒಂದು ಕಾಲದಲ್ಲಿ ಕರಾವಳಿಯ ಹೆಸರಾಂತ ಬಂದರು. ಇಂದು ಇಲ್ಲಿನ ಧರ್ಮಕೇಂದ್ರಕ್ಕೆ ಸಂತ ಫಿಲಿಪ್ ನೇರಿಯವರು ಪಾಲಕರು. 1515ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿ, ರೋಮಿನಲ್ಲಿ ಬಾಳಿ, 1595ರ ಮೇ 26ರಂದು ದೈವಾಧೀನರಾದ ಈ ಸಂತರು ಜನರನ್ನು ದೇವರ ಬಳಿಗೆ ತಂದ ರೀತಿ ಬಹಳ ಸರಳವಾದದ್ದು. ಸಂಜೆ ಹೊತ್ತು ತಮ್ಮ ಕೋಣೆಯಲ್ಲಿ ಕೆಲವರನ್ನು ಸೇರಿಸಿ ಧರ್ಮಗ್ರಂಥ ಓದುವುದು, ಅದರ ಬಗ್ಗೆ ಮನಬಿಚ್ಚಿ ಮಾತನಾಡುವುದು, ಹಾಡುವುದು, ಪ್ರಾರ್ಥಿಸುವುದು, ಬಳಿಕ ಆಸ್ಪತ್ರೆಗಳಿಗೆ ಹೋಗಿ ರೋಗಿಗಳ ಸೇವೆ ಮಾಡುವುದು. ಈ ಪುಟ್ಟ ಕೂಟದಿಂದಲೇ ಒರೆಟರಿ ಸಭೆ ಹುಟ್ಟಿತು. 1575ರಲ್ಲಿ ಜಗದ್ಗುರು ಹದಿಮೂರನೆಯ ಗ್ರೆಗರಿಯವರು ಅದಕ್ಕೆ ಮಾನ್ಯತೆ ನೀಡಿದರು.

ಇದೇ ದಾರಿಯಲ್ಲಿ ನಡೆದ ಇನ್ನೊಬ್ಬ ಸಂತರು ನಮ್ಮ ಈ ಪ್ರದೇಶದಲ್ಲೇ ಓಡಾಡಿದ್ದಾರೆ. ಗೋವಾ ಮೂಲದ ಸಂತ ಜೋಸೆಫ್ ವಾಜ್‌ರವರು 1681ರಿಂದ 1684ರವರೆಗೆ ಕೆನರಾ ಪ್ರಾಂತ್ಯದಲ್ಲಿ ಸೇವೆ ಸಲ್ಲಿಸಿದರು. ಮಂಗಳೂರು, ಮುಲ್ಕಿ, ಕಲ್ಯಾಣಪುರ, ಬಾರ್ಕೂರಿನಂತೆ ಬಸ್ರೂರು ಕೂಡ ಅವರ ಸೇವಾಕ್ಷೇತ್ರವಾಗಿತ್ತು. ಗೋವಾಕ್ಕೆ ಮರಳಿದ ಬಳಿಕ 1685ರಲ್ಲಿ ಅವರು ಸ್ಥಳೀಯ ಯಾಜಕರ ಒಂದು ಕೂಟವನ್ನು ಸೇರಿ, ಅದನ್ನು ಸಂತ ಫಿಲಿಪ್ ನೇರಿಯವರ ಒರೆಟರಿ ನಿಯಮದಂತೆ ರೂಪಿಸಿದರು. 1687ರಲ್ಲಿ ಸಿಲೋನಿಗೆ ಹೋದಾಗ ಅಲ್ಲಿ ಡಚ್ಚರ ಆಳ್ವಿಕೆಯಿದ್ದ ಕಡೆಗಳಲ್ಲಿ ಕಥೊಲಿಕ ಯಾಜಕರಿಗೆ ಪ್ರವೇಶವೇ ಇರಲಿಲ್ಲ. ಅವರು ಭಿಕ್ಷುಕನ ವೇಷದಲ್ಲಿ, ಕೊರಳಲ್ಲಿ ಜಪಸರ ಹಾಕಿಕೊಂಡು ಮನೆಮನೆ ತಿರುಗಿ ವಿಶ್ವಾಸಿಗಳನ್ನು ಹುಡುಕಿದರು. ದಶಕಗಳ ಕಾಲ ಗುರುಗಳಿಲ್ಲದಿದ್ದರೂ ಮನೆಗಳಲ್ಲಿ ವಿಶ್ವಾಸ ಆರಿರಲಿಲ್ಲ. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್‌ರವರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ನಮ್ಮ ಪೂರ್ವಜರಿಗೂ ಇಂತಹ ಕಾಲ ಬಂದಿತ್ತು. 1784ರಲ್ಲಿ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ಯಲಾಯಿತು. ಹೆಚ್ಚಿನ ಚರ್ಚುಗಳು ನೆಲಸಮವಾದವು. 1799ರಲ್ಲಿ ಬಿಡುಗಡೆಯಾಗಿ ಬದುಕಿ ಮರಳಿದವರು ಮತ್ತೆ ಚರ್ಚು ಕಟ್ಟಿದರು. ಚರ್ಚೂ ಗುರುಗಳೂ ಇಲ್ಲದ ಆ 15 ವರ್ಷ ಅವರನ್ನು ಹಿಡಿದು ನಿಲ್ಲಿಸಿದ್ದು ಬಾಯಿಪಾಠವಾಗಿದ್ದ ಪ್ರಾರ್ಥನೆಗಳು, ಮನೆಯ ಹಿರಿಯರು ಕಲಿಸಿದ ರೂಢಿಗಳು ಎಂಬುದರಲ್ಲಿ ಸಂದೇಹವಿಲ್ಲ. 2020ರ ಲಾಕ್‌ಡೌನ್ ಸಮಯದಲ್ಲಿ ಚರ್ಚಿನ ಬಾಗಿಲು ಮುಚ್ಚಿದಾಗ ನಾವೂ ಇದನ್ನು ಸ್ವಲ್ಪಮಟ್ಟಿಗೆ ಕಂಡೆವು. ಪ್ರಾರ್ಥನೆಯ ಅಭ್ಯಾಸವಿದ್ದ ಮನೆಗಳು ಆ ದಿನಗಳಲ್ಲಿ ಚರ್ಚೇ ಆದವು. ಕುಟುಂಬವನ್ನು ಗೃಹಸಭೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕರೆದದ್ದು ಇದೇ ಅರ್ಥದಲ್ಲಿ.

ಹಾಗಾದರೆ ನಾವು ರೂಢಿಸಿಕೊಳ್ಳಬಹುದಾದ ಅಭ್ಯಾಸಗಳು ಯಾವುವು?

1. ದಿನದ ಮೊದಲ ಮಾತು ದೇವರೊಂದಿಗೆ

ಬೆಳಿಗ್ಗೆ ಎದ್ದ ಕೂಡಲೇ ಕೈ ಮೊಬೈಲಿನತ್ತ ಹೋಗುವುದು ಇಂದು ಎಲ್ಲರ ಮನೆಯ ಕಥೆ. ಅದಕ್ಕಿಂತ ಮೊದಲು ಶಿಲುಬೆಯ ಗುರುತು ಮಾಡಿ, ಕಳೆದ ರಾತ್ರಿಗಾಗಿ ವಂದಿಸಿ, ಈ ದಿನದ ಕೆಲಸವನ್ನು ದೇವರಿಗೆ ಒಪ್ಪಿಸಲು ಎರಡು ನಿಮಿಷ ಸಾಕು. ದೇವರು ತನ್ನ ಕೈ ಬಿಟ್ಟರೆ ತಾನು ಅವರಿಗೆ ದ್ರೋಹ ಮಾಡಿಯೇನು ಎಂಬ ಅರ್ಥದಲ್ಲಿ ಸಂತ ಫಿಲಿಪ್‌ರು ಪ್ರತಿದಿನ ಪ್ರಾರ್ಥಿಸುತ್ತಿದ್ದರಂತೆ. ಅಂತಹ ಸಂತರಿಗೇ ಈ ಎಚ್ಚರ ಬೇಕಿದ್ದರೆ ನಮಗೆ ಬೇಡವೇ?

2. ಕೆಲಸದ ನಡುವೆ ಚುಟುಕು ಪ್ರಾರ್ಥನೆ

ಪ್ರಾರ್ಥನೆಗೆ ಸಮಯವಿಲ್ಲ ಎನ್ನುವವರಿಗೆ ಸಂತ ಫಿಲಿಪ್‌ರು ಕಲಿಸಿದ ದಾರಿ ಇದು. ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಸಣ್ಣ ಪ್ರಾರ್ಥನೆಯನ್ನು ದಿನದಲ್ಲಿ ಹಲವು ಸಲ ಹೇಳುವುದು. ಯೇಸುವಿನ ಹೆಸರನ್ನು ಭಕ್ತಿಯಿಂದ ಉಚ್ಚರಿಸಿದರೂ ಅದು ಪ್ರಾರ್ಥನೆಯೇ. ಹಂಚಿನ ಕಾರ್ಖಾನೆಯಲ್ಲಿ ದುಡಿಯುವವರು, ತೋಟದಲ್ಲಿ ತೆಂಗಿನಕಾಯಿ ಹೆಕ್ಕುವವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿರುವ ನರ್ಸ್‌ಗಳು, ಕುಂದಾಪುರದ ಬಸ್ಸಿಗೆ ಕಾಯುವ ವಿದ್ಯಾರ್ಥಿಗಳು ಯಾರು ಬೇಕಾದರೂ ಇದನ್ನು ಮಾಡಬಹುದು. ಚರ್ಚಿನ ಗಂಟೆ ಕೇಳಿದಾಗ ಒಂದು ಕ್ಷಣ ನಿಂತು ಮಾತೆ ಮರಿಯಳನ್ನು ನೆನೆಯುವ ಹಿರಿಯರ ಪದ್ಧತಿಯೂ ಇಂತಹದ್ದೇ.

3. ದೇವರ ವಾಕ್ಯಕ್ಕೆ ಹತ್ತು ನಿಮಿಷ

ನಮ್ಮ ಅನೇಕ ಮನೆಗಳಲ್ಲಿ ಪವಿತ್ರ ಬೈಬಲ್ ಇದೆ, ಆದರೆ ಅಲ್ತಾರಿನ ಮೇಲೆ ಧೂಳು ಹಿಡಿದಿದೆ. ಜಗದ್ಗುರು ಫ್ರಾನ್ಸಿಸ್‌ರವರು 2019ರಲ್ಲಿ ವರ್ಷದ ಒಂದು ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಘೋಷಿಸಿದ್ದು ನಮ್ಮನ್ನು ಎಚ್ಚರಿಸಲಿಕ್ಕಾಗಿಯೇ. ಎಲ್ಲಿಂದ ಆರಂಭಿಸುವುದು ಎಂದು ತಿಳಿಯದವರು ಸಂತ ಮಾರ್ಕನ ಶುಭಸಂದೇಶವನ್ನು ಕೈಗೆತ್ತಿಕೊಳ್ಳಲಿ. ಅದರಲ್ಲಿ 16 ಅಧ್ಯಾಯಗಳಿವೆ. ದಿನಕ್ಕೊಂದರಂತೆ ಓದಿದರೆ 16 ದಿನಗಳಲ್ಲಿ ಯೇಸುವಿನ ಜೀವನವನ್ನು ಒಮ್ಮೆ ಓದಿದಂತಾಯಿತು. ನಿಧಾನವಾಗಿ ಓದಿ, ಮನ ತಟ್ಟಿದ ಒಂದು ಮಾತನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ಇಂದು ನಾನು ಏನು ಮಾಡಬೇಕೆಂದು ಪ್ರಭು ಬಯಸುತ್ತಾರೆ ಎಂದು ಕೇಳಿಕೊಳ್ಳೋಣ. ಶನಿವಾರ ರಾತ್ರಿ ಮರುದಿನದ ಶುಭಸಂದೇಶವನ್ನು ಮನೆಯಲ್ಲಿ ಓದಿಟ್ಟರೆ ಭಾನುವಾರದ ಪ್ರಬೋಧನೆ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ.

4. ಸಂಜೆಯ ಜಪಸರ, ಹಿರಿಯರ ಆಶೀರ್ವಾದ

ನಮ್ಮ ಕೊಂಕಣಿ ಮನೆಗಳಲ್ಲಿ ತೇರ್ಸ್ ಎಂದು ಕರೆಯುವ ಸಂಜೆಯ ಜಪಸರ, ಅದು ಮುಗಿದ ಮೇಲೆ ಮಕ್ಕಳು ಕೈ ಜೋಡಿಸಿ ಹಿರಿಯರಲ್ಲಿ ಬೆಸಾಂವ್ ಕೇಳುವುದು ನಮಗೆ ಬಂದ ದೊಡ್ಡ ಆಸ್ತಿ. ಹಗಲು ಬೈಸಿಕೊಂಡ ಮಗ ಸಂಜೆ ಅದೇ ತಂದೆಯ ಮುಂದೆ ಕೈ ಜೋಡಿಸಿ ನಿಂತಾಗ ಇಬ್ಬರ ಮನಸ್ಸೂ ಕರಗುತ್ತದೆ. ಇಂದು ಸೀರಿಯಲ್ ಮತ್ತು ಮೊಬೈಲ್ ಆ ಅರ್ಧ ಗಂಟೆಯನ್ನು ನುಂಗುತ್ತಿವೆ. ಒಂದು ಸಮಯ ನಿಗದಿ ಮಾಡಿ ಟಿವಿ ಆರಿಸೋಣ. ಇಡೀ ಜಪಸರ ಸಾಧ್ಯವಾಗದ ದಿನ ಒಂದು ರಹಸ್ಯವನ್ನಾದರೂ ಹೇಳೋಣ. ಜಗದ್ಗುರು ದ್ವಿತೀಯ ಜಾನ್ ಪಾಲ್‌ರು 2002ರಲ್ಲಿ ಸೇರಿಸಿದ ಬೆಳಕಿನ ರಹಸ್ಯಗಳನ್ನು ಗುರುವಾರ ಮಕ್ಕಳಿಂದಲೇ ಹೇಳಿಸೋಣ.

ಪರದೇಶದಲ್ಲಿರುವ ಮಕ್ಕಳನ್ನು ಕೂಡ ಇದರಲ್ಲಿ ಸೇರಿಸಿಕೊಳ್ಳಬಹುದು. ನಮ್ಮಲ್ಲಿ ರಾತ್ರಿ ಒಂಬತ್ತಾದಾಗ ದುಬೈಯಲ್ಲಿ ಏಳೂವರೆ, ಕುವೈಟಿನಲ್ಲಿ ಆರೂವರೆ. ವಾರಕ್ಕೊಮ್ಮೆಯಾದರೂ ವೀಡಿಯೊ ಕರೆಯಲ್ಲಿ ಒಂದು ರಹಸ್ಯ ಹೇಳಿ, ದೂರದಿಂದಲೇ ಬೆಸಾಂವ್ ಕೊಡಬಹುದು. ಊರಲ್ಲಿ ಒಂಟಿಯಾಗಿರುವ ತಂದೆತಾಯಿಗೆ ಅದಕ್ಕಿಂತ ದೊಡ್ಡ ಸಮಾಧಾನ ಬೇರೇನಿದೆ?

5. ಬಲಿಪೂಜೆ ಮತ್ತು ಪಾಪನಿವೇದನೆ

ಭಾನುವಾರದ ಬಲಿಪೂಜೆಗೆ ಹತ್ತು ನಿಮಿಷ ಮೊದಲೇ ಬಂದು ಮೌನವಾಗಿ ಕುಳಿತು ನೋಡಿ, ವ್ಯತ್ಯಾಸ ತಿಳಿಯುತ್ತದೆ. ಪಾಪನಿವೇದನೆಯನ್ನು ಈಸ್ಟರ್, ಕ್ರಿಸ್ಮಸ್ ಹಬ್ಬಗಳಿಗೆ ಮೀಸಲಿಡದೆ ತಿಂಗಳಿಗೊಮ್ಮೆ ಮಾಡುವುದು ಒಳ್ಳೆಯದು. ಸಂತ ಫಿಲಿಪ್‌ರು ಗಂಟೆಗಟ್ಟಲೆ ಪಾಪನಿವೇದನೆ ಆಲಿಸುತ್ತಿದ್ದರು. ಇದು ಹಳೆಯ ಕಾಲದ ಮಾತು ಎನ್ನುವ ಯುವಜನರು ಸಂತ ಕಾರ್ಲೊ ಅಕುತಿಸ್‌ರನ್ನು ನೋಡಲಿ. 2006ರಲ್ಲಿ 15ನೇ ವಯಸ್ಸಿನಲ್ಲಿ ತೀರಿಕೊಂಡ ಈ ಕಂಪ್ಯೂಟರ್ ಪ್ರೇಮಿ ಹುಡುಗ ದಿನವೂ ಬಲಿಪೂಜೆಗೆ, ವಾರಕ್ಕೊಮ್ಮೆ ಪಾಪನಿವೇದನೆಗೆ ಹೋಗುತ್ತಿದ್ದ. 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೋರವರು ಅವರನ್ನು ಸಂತರೆಂದು ಘೋಷಿಸಿದರು.

ರಾತ್ರಿ ಮಲಗುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳೋಣ: ಇಂದು ದೇವರಿಗೆ ಯಾವುದಕ್ಕಾಗಿ ವಂದನೆ ಹೇಳಬೇಕು? ಎಲ್ಲಿ ಎಡವಿದೆ? ನಾಳೆ ಯಾರಲ್ಲಿ ಕ್ಷಮೆ ಕೇಳಬೇಕು?

6. ನಾಲಗೆಗೆ ಕಡಿವಾಣ, ಜಗಳಕ್ಕೆ ಕೊನೆ

ಚಾಡಿ ಹೇಳುವ ಚಟವಿದ್ದ ಮಹಿಳೆಯೊಬ್ಬಳಿಗೆ ಸಂತ ಫಿಲಿಪ್‌ರು ಕೊಟ್ಟ ಪ್ರಾಯಶ್ಚಿತ್ತದ ಕಥೆ ಪ್ರಸಿದ್ಧವಾಗಿದೆ. ಕೋಳಿಯೊಂದನ್ನು ತಂದು ಅದರ ಪುಕ್ಕಗಳನ್ನು ದಾರಿಯುದ್ದಕ್ಕೂ ಕಿತ್ತು ಎಸೆಯುತ್ತಾ ಬರುವಂತೆ ಹೇಳಿದರು. ಬಂದ ಮೇಲೆ ಅವನ್ನೆಲ್ಲ ಹೆಕ್ಕಿ ತರಲು ಹೇಳಿದರು. ಗಾಳಿಗೆ ಹಾರಿಹೋದ ಪುಕ್ಕ ಸಿಗುವುದೆಲ್ಲಿಂದ? ಆಡಿದ ಮಾತೂ ಹಾಗೆಯೇ. ಇಂದು ವಾಟ್ಸ್ಆ್ಯಪಿನಲ್ಲಿ ಒಂದು ಮಾತು ನಿಮಿಷದಲ್ಲಿ ಊರೆಲ್ಲ ಹರಡುತ್ತದೆ.

ಇನ್ನೂ ಕಷ್ಟದ ಸಂಗತಿಯೊಂದಿದೆ. ಆಸ್ತಿ ಪಾಲು, ಗಡಿಕಲ್ಲು, ದಾರಿಯ ತಕರಾರಿನಿಂದ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟು, ಒಂದೇ ಚರ್ಚಿನ ಎರಡು ಬದಿಗಳಲ್ಲಿ ಕುಳಿತು ಪರಮಪ್ರಸಾದ ಸ್ವೀಕರಿಸುವುದುಂಟು. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಂದಿಗೆ ರಾಜಿಯಾಗು ಎಂಬುದು ಯೇಸುವಿನ ಬೋಧನೆ. ವ್ಯಾಜ್ಯ ಬೇಗ ಮುಗಿಯದಿರಬಹುದು. ಆದರೆ ಎದುರು ಸಿಕ್ಕಾಗ ಮುಖ ತಿರುಗಿಸದೆ ಹೇಗಿದ್ದೀ ಎಂದು ಕೇಳಲು ಕೋರ್ಟಿನ ತೀರ್ಪು ಬೇಕಿಲ್ಲ.

7. ದಿನಕ್ಕೆ ಒಬ್ಬರಿಗಾದರೂ ನೆರವು

ಯಾಜಕರಾಗುವ ಮೊದಲೇ, 1548ರಲ್ಲಿ, ಸಂತ ಫಿಲಿಪ್‌ರು ರೋಮಿಗೆ ಬರುವ ಬಡ ಯಾತ್ರಿಕರ ಸೇವೆಗಾಗಿ ಒಂದು ಸಂಘ ಕಟ್ಟಿದ್ದರು. ಕ್ರಿಯೆಯಿಲ್ಲದ ವಿಶ್ವಾಸ ಸತ್ತದ್ದೆಂದು ಸಂತ ಯಕೋಬರೂ ತಿಳಿಸಿದ್ದಾರೆ. ಪಕ್ಕದ ಮನೆಯ ಅಜ್ಜಿಯ ಔಷಧಿ ತಂದುಕೊಡುವುದು, ಹಾಸಿಗೆ ಹಿಡಿದವರ ಬಳಿ ಹತ್ತು ನಿಮಿಷ ಕೂರುವುದು, ಸಂತ ವಿನ್ಸೆಂಟ್ ಪಾವ್ಲ್ ಸಭೆಯ ಸದಸ್ಯರೊಂದಿಗೆ ಒಂದು ಬಡ ಮನೆಗೆ ಭೇಟಿ ನೀಡುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಸೆಪ್ಟೆಂಬರ್ 8ರ ತೆನೆಹಬ್ಬದಂದು ಹೊಸ ಭತ್ತದ ತೆನೆಯನ್ನು ಮನೆಯವರೆಲ್ಲ ಹಂಚಿಕೊಂಡು ಉಣ್ಣುತ್ತೇವಲ್ಲ, ಆ ಹಂಚಿಕೆ ಉಳಿದ ದಿನಗಳಿಗೂ ಹಬ್ಬಲಿ. ಹಲವು ದೇವಸ್ಥಾನಗಳಿರುವ ಬಸ್ರೂರಿನಂತಹ ಊರಿನಲ್ಲಿ ನೆರೆಹೊರೆಯವರು ನಮ್ಮ ವಿಶ್ವಾಸವನ್ನು ಓದುವುದು ನಮ್ಮ ನಡತೆಯಲ್ಲಿಯೇ.

ಎಡವಿದಾಗ ಏನು ಮಾಡುವುದು?

ಏಳನ್ನೂ ಒಂದೇ ದಿನ ಆರಂಭಿಸಿದರೆ ವಾರದೊಳಗೆ ಏಳೂ ಬಿಟ್ಟುಹೋಗುತ್ತವೆ. ಒಂದನ್ನು ಆರಿಸಿಕೊಂಡು ಅದು ರೂಢಿಯಾದ ಮೇಲೆ ಇನ್ನೊಂದಕ್ಕೆ ಕೈ ಹಾಕೋಣ. ತಪ್ಪಿದ ದಿನ ಬೇಸರಪಡದೆ ಮರುದಿನ ಪುನಃ ಆರಂಭಿಸೋಣ. ಪ್ರಾರ್ಥಿಸುವಾಗ ಏನೂ ಅನಿಸುವುದಿಲ್ಲ, ಮನಸ್ಸು ಬರಡಾಗಿದೆ ಎಂದು ಕೆಲವರು ಹೇಳುತ್ತಾರೆ. ಕೋಲ್ಕತ್ತದ ಸಂತ ಮದರ್ ತೆರೇಸಾರವರು ವರ್ಷಗಟ್ಟಲೆ ಇಂತಹ ಒಳಗಿನ ಕತ್ತಲನ್ನು ಅನುಭವಿಸಿದ್ದರೆಂದು 2007ರಲ್ಲಿ ಪ್ರಕಟವಾದ ಅವರ ಪತ್ರಗಳಿಂದ ತಿಳಿದುಬಂತು. ಆದರೂ ಅವರು ಪ್ರಾರ್ಥನೆ ಬಿಡಲಿಲ್ಲ, ಸೇವೆ ನಿಲ್ಲಿಸಲಿಲ್ಲ. ಭಾವನೆ ಬರುತ್ತದೆ, ಹೋಗುತ್ತದೆ. ನಿಷ್ಠೆ ಉಳಿಯಬೇಕು.

ಗುರ್ಕಾರರು, ಕ್ರೈಸ್ತ ಶಿಕ್ಷಣದ ಶಿಕ್ಷಕರು, ಸಂಘಟನೆಗಳ ಪದಾಧಿಕಾರಿಗಳಿಗೂ ಇಲ್ಲೊಂದು ಕೆಲಸವಿದೆ. ವಾರ್ಡಿನ ಸಭೆಯಲ್ಲಿ ಹಾಜರಿ, ವಂತಿಗೆಯ ಲೆಕ್ಕ ಮುಗಿದ ಮೇಲೆ, ಯಾವ ಮನೆಯಲ್ಲಿ ಸಂಜೆಯ ಪ್ರಾರ್ಥನೆ ನಿಂತಿದೆ, ಅಲ್ಲಿ ಏನು ಕಷ್ಟವಿದೆ ಎಂದು ಪ್ರೀತಿಯಿಂದ ವಿಚಾರಿಸೋಣ. ದೂಷಿಸುವುದು ಬೇಡ. ಒಂದು ಸಂಜೆ ಆ ಮನೆಗೆ ಹೋಗಿ ಅವರೊಂದಿಗೆ ಕುಳಿತು ಜಪಸರ ಹೇಳಿ ಬಂದರೆ ಸಾಕು. ಸಂತ ಫಿಲಿಪ್‌ರು ರೋಮ್ ನಗರವನ್ನು ಬದಲಿಸಲು ಆರಂಭಿಸಿದ್ದು ಒಂದು ಕೋಣೆಯಿಂದ, ಬೆರಳೆಣಿಕೆಯ ಜನರಿಂದ.

ಇಂದು ಸಂಜೆಯೇ ನಮ್ಮ ಮನೆಗಳಲ್ಲಿ ಇದು ಆರಂಭವಾಗಲಿ. ಸಂತ ಫಿಲಿಪ್ ನೇರಿ ಮತ್ತು ಸಂತ ಜೋಸೆಫ್ ವಾಜ್‌ರವರು ನಮಗಾಗಿ ಬಿನ್ನವಿಸಲಿ. ಪ್ರಭು ಯೇಸು ನಮ್ಮ ಕುಟುಂಬಗಳನ್ನೂ, ದೂರದಲ್ಲಿರುವ ನಮ್ಮ ಮಕ್ಕಳನ್ನೂ ಆಶೀರ್ವದಿಸಲಿ.